ಮೂರು ಕಾಲಿನ ಸೀಟು ಮತ್ತು ಹದಿನಾಲ್ಕನೇ ನಂಬರಿನ ಕೀಲಿ

ನಗರ ಸಾರಿಗೆ ಸಂಸ್ಥೆಯ ಕೌಶಲ್ಯಾಭಿವೃದ್ಧಿ ವಿಭಾಗದ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ಕಳೆದ ತಿಂಗಳು ನಿಮ್ಮ ವಿಭಾಗದವರು ಬಸ್ ನಿಲ್ದಾಣದ ‘ಕಳೆದ ವಸ್ತುಗಳ ಕೋಣೆ’ಯಿಂದ ಒಂದು ಹಳೆಯ ಬಸ್ ಸೀಟನ್ನು ಎತ್ತಿಕೊಂಡು ಹೋಗಿ ಗುಜರಿಗೆ ಹಾಕಿದರು. ಅದಾದ ಒಂದು ವಾರಕ್ಕೆ, ಆ ಕೋಣೆಯನ್ನು ಇಪ್ಪತ್ತೇಳು ವರ್ಷ ನೋಡಿಕೊಂಡ ಹೆಂಗಸಿಗೆ ‘ಸೃಜನಾತ್ಮಕ ಚಿಂತನೆ, ಸ್ಮರಣಶಕ್ತಿ ಮತ್ತು ನಾವೀನ್ಯ ಕೌಶಲ್ಯ’ ಪರೀಕ್ಷೆಯಲ್ಲಿ ನೂರಕ್ಕೆ ಹತ್ತೊಂಬತ್ತು ಅಂಕ ಕೊಟ್ಟು, ಅನುತ್ತೀರ್ಣ ಎಂದು ಬರೆದು, ಬರುವ ತಿಂಗಳ ಒಂದನೇ ತಾರೀಖಿನಿಂದ ಟಿಕೆಟ್ ಸುರುಳಿಗಳ ಉಗ್ರಾಣಕ್ಕೆ ವರ್ಗ ಮಾಡಿದ್ದೀರಿ. ಕೋಣೆಗೆ ಬೀಗ ಬೀಳುತ್ತದೆಯಂತೆ. ಅದರ ಬದಲಿಗೆ ಹನ್ನೊಂದು ಖಾನೆಗಳಿರುವ ಒಂದು ಅರ್ಜಿ ನಮೂನೆ ಇರುತ್ತದೆಯಂತೆ. ಇದನ್ನು ನೀವು ನಾವೀನ್ಯ ಎಂದು ಕರೆದಿದ್ದೀರಿ. ನಾನು ಇದನ್ನು ಕಳವು ಎಂದು ಕರೆಯುತ್ತೇನೆ. ಯಾಕೆ ಎಂದು ಹೇಳುವುದಕ್ಕೆ ಈ ಪತ್ರ.

ನೀನು ಯಾರು ಕೇಳುವುದಕ್ಕೆ ಎನ್ನುತ್ತೀರೇನೋ. ನಾನು ನಿಮ್ಮ ಬಸ್ಸಿನ ಪ್ರಯಾಣಿಕಳು. ವಯಸ್ಸು ಅರವತ್ತೆಂಟು. ಮೂವತ್ತಾರು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ನಿಮ್ಮ ಸಂಸ್ಥೆಯ ಸುತ್ತೋಲೆಗಳೂ ಆಗ ಅಲ್ಲೇ ಅಚ್ಚಾಗುತ್ತಿದ್ದವು. ಅಷ್ಟು ವರ್ಷ ಇನ್ನೊಬ್ಬರ ವಾಕ್ಯಗಳನ್ನು ಒಂದೊಂದೇ ಅಕ್ಷರ ಹಿಡಿದು ಓದಿದವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಓದಿದ್ದು ಮರೆಯುವುದಿಲ್ಲ. ಹಾಗಾಗಿ ನಿಮ್ಮ ಹೊಸ ಸುತ್ತೋಲೆ ನಿಲ್ದಾಣದ ಗೋಡೆಯ ಮೇಲೆ ಕಂಡಾಗ ಅದರ ಮೂರನೆಯ ಪ್ಯಾರಾದ ಬಳಿ ನಾನು ಗಕ್ಕನೆ ನಿಂತೆ. “ಬದಲಾಗುತ್ತಿರುವ ಕಾಲಮಾನದ ಅಗತ್ಯಗಳಿಗೆ ಅನುಗುಣವಾಗಿ ನೌಕರವರ್ಗದ ಮನೋಭಾವದಲ್ಲಿ ಆಮೂಲಾಗ್ರ ಪರಿವರ್ತನೆ ತರುವ ಸದುದ್ದೇಶದಿಂದ…” ಈ ಪ್ಯಾರಾ ನನಗೆ ಹಳೆಯ ಪರಿಚಯ. ಇಪ್ಪತ್ತೆರಡು ವರ್ಷದ ಹಿಂದೆ ಇದು ‘ಶಿಸ್ತು ವರ್ಧನೆ’ಯ ಸುತ್ತೋಲೆಯಲ್ಲಿತ್ತು. ಹನ್ನೊಂದು ವರ್ಷದ ಹಿಂದೆ ‘ಗುಣಮಟ್ಟ ವರ್ಧನೆ’ಗೆ ಬಂತು. ಈಗ ‘ನಾವೀನ್ಯ ವರ್ಧನೆ’ಗೆ ಬಂದು ಕೂತಿದೆ. ಎರಡು ಸಲ ಅದನ್ನು ತಿದ್ದಿದವಳು ನಾನೇ. ಎರಡೂ ಕರಡುಗಳು ನನ್ನ ಟ್ರಂಕಿನಲ್ಲಿವೆ, ಬೇಕಾದರೆ ತಂದು ತೋರಿಸುತ್ತೇನೆ. ಹೊಸದಾಗಿ ಯೋಚಿಸಿ ಎಂದು ಸಾವಿರಾರು ನೌಕರರಿಗೆ ಆಜ್ಞೆ ಮಾಡುವ ಕಾಗದದಲ್ಲಿ ಒಂದು ಪ್ಯಾರಾವನ್ನಾದರೂ ಹೊಸದಾಗಿ ಬರೆಯಬೇಕು ಎಂದು ನಿಮ್ಮ ಕಚೇರಿಯಲ್ಲಿ ಒಬ್ಬರಿಗೂ ತೋಚಲಿಲ್ಲವೇ? ಅದಕ್ಕೆ ಎಷ್ಟು ಅಂಕ ಕೊಡೋಣ?

ಇರಲಿ. ನನ್ನ ಜ್ಞಾಪಕಶಕ್ತಿಯ ಬಗ್ಗೆ ಇಷ್ಟು ಹೇಳಿಕೊಂಡ ಮೇಲೆ, ಅದರ ಜಂಬ ಮುರಿದ ದಿನದ ಬಗ್ಗೆಯೂ ಹೇಳಬೇಕು. ಆ ಸೀಟನ್ನು ನಾನು ಕಂಡದ್ದೇ ಆ ದಿನ.

ನನ್ನ ತಮ್ಮ ದರ್ಜಿ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವನದೊಂದು ಅಂಗಡಿ. ಒಳಗೆ ಒಂದು ಹೊಲಿಗೆ ಯಂತ್ರ, ಒಂದು ಉದ್ದನೆಯ ಮೇಜು, ಒಂದು ನಿಲುವುಗನ್ನಡಿ. ರೆಡಿಮೇಡ್ ಬಟ್ಟೆ ಒಗ್ಗದವರು ಅವನ ಹತ್ತಿರ ಬರುತ್ತಾರೆ. ಒಂದು ಭುಜ ಇಳಿದವರು, ಬೆನ್ನು ಬಾಗಿದವರು, ಗಾಲಿಕುರ್ಚಿಯಲ್ಲೇ ದಿನ ಕಳೆಯುವವರು, ಅಪಘಾತದಲ್ಲಿ ಕೈ ಹೋದವರು. ಕೂತೇ ಇರುವವರ ಶರಟಿಗೆ ಹಿಂದುಗಡೆ ಎಷ್ಟು ಉದ್ದ ಬಿಡಬೇಕು, ಒಂದೇ ಕೈಯಲ್ಲಿ ಹಾಕಿಕೊಳ್ಳುವುದಕ್ಕೆ ಗುಂಡಿ ಎಲ್ಲಿರಬೇಕು ಎಂದೆಲ್ಲ ಅವನು ಯಾವ ಕಾರ್ಯಾಗಾರದಲ್ಲೂ ಕಲಿತವನಲ್ಲ. ಮೂವತ್ತು ವರ್ಷದ ಈ ಅಳತೆಗಳೆಲ್ಲ ಒಂದು ಉದ್ದನೆಯ, ಕಿರಿದಾದ ಪುಸ್ತಕದಲ್ಲಿದ್ದವು. ಪ್ರತಿ ಅಳತೆಯ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಪುಟ್ಟ ಚಿತ್ರ: ಆ ಮನುಷ್ಯ ನಿಲ್ಲುವುದು ಹೇಗೆ, ಕೂರುವುದು ಹೇಗೆ. ಅವರಲ್ಲಿ ಕೆಲವರು ಈಗ ಹಾಸಿಗೆ ಹಿಡಿದಿದ್ದಾರೆ, ಅಂಗಡಿಗೆ ಬರಲಾರರು. ಅವರಿಗೆ ಪುಸ್ತಕ ನೋಡಿಯೇ ಹೊಲಿಯಬೇಕು.

ಆ ಪುಸ್ತಕದ ಹೊಲಿಗೆ ಬಿಟ್ಟುಹೋಗಿತ್ತು. ಕೊಡು, ನನಗೆ ಪರಿಚಯದ ಬೈಂಡರ್ ಇದ್ದಾನೆ, ಗಟ್ಟಿಯಾಗಿ ಕಟ್ಟಿಸಿಕೊಂಡು ಬರುತ್ತೇನೆ ಎಂದು ನಾನೇ ಇಸಿದುಕೊಂಡೆ. “ಜೋಪಾನ ಅಕ್ಕಾ” ಎಂದ. “ನನಗೇ ಹೇಳ್ತೀಯಲ್ಲೋ” ಎಂದೆ. ಬಸ್ಸು ಹತ್ತಿದೆ. ಕೈಯಲ್ಲಿ ಓದುತ್ತಿದ್ದ ಒಂದು ಕಾದಂಬರಿ ಬೇರೆ ಇತ್ತು. ಬೈಂಡರನ ಅಂಗಡಿ ಮುಂದೆ ಇಳಿದಾಗ ಕಾದಂಬರಿ ಕೈಯಲ್ಲಿತ್ತು, ಓದು ನಿಲ್ಲಿಸಿದ ಪುಟದಲ್ಲಿ ಬೆರಳೂ ಇತ್ತು. ಅಳತೆ ಪುಸ್ತಕ ಇರಲಿಲ್ಲ.

ಎರಡು ದಿನ ಒಂಬತ್ತನೇ ನಂಬರಿನ ಬಸ್ಸುಗಳನ್ನೆಲ್ಲ ಹತ್ತಿ ಇಳಿದೆ, ಸೀಟುಗಳ ಕೆಳಗೆ ಬಗ್ಗಿ ನೋಡಿದೆ. ಮೂರನೆಯ ದಿನ ತಮ್ಮನಿಗೆ ಹೇಳಿದೆ. ಅವನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. “ಹೋಗ್ಲಿ ಬಿಡಕ್ಕಾ, ಮತ್ತೆ ಅಳೀತೀನಿ” ಎಂದ. ಕತ್ತಿನಲ್ಲಿ ಟೇಪು ನೇತುಹಾಕಿಕೊಂಡು ಕೂತ. ಕತ್ತರಿ ಮುಟ್ಟಲಿಲ್ಲ. ಹಾಸಿಗೆ ಹಿಡಿದವರನ್ನು ಎಬ್ಬಿಸಿ ಅಳೆಯುವುದು ಹೇಗೆ?

ಆಗ ಒಬ್ಬ ಕಂಡಕ್ಟರ್ ಹೇಳಿದ್ದು, “ಅಮ್ಮಾ, ನೀವು ಸಿಕ್ತಕ್ಕನ ಹತ್ರ ಹೋಗ್ಲಿಲ್ವಾ?”

ನಿಮ್ಮ ಕಡತದಲ್ಲಿ ಆಕೆಗೆ ಒಂದು ಹೆಸರು, ಒಂದು ಸಂಖ್ಯೆ ಇರಬಹುದು. ಡಿಪೋದಲ್ಲಿ ಎಲ್ಲರಿಗೂ ಆಕೆ ಸಿಕ್ತಕ್ಕ. ಪ್ಲಾಟ್‌ಫಾರ್ಮಿನ ಕೊನೆಗೆ, ನಿಮ್ಮ ಕಚೇರಿಗೆ ಹತ್ತುವ ಮೆಟ್ಟಿಲಿನ ಅಡಿಯಲ್ಲಿ ಆಕೆಯ ಕೋಣೆ. ಅಂದರೆ ನೀವು ದಿನಾ ಆಕೆಯ ತಲೆಯ ಮೇಲೆ ಹತ್ತಿ ಇಳಿಯುತ್ತೀರಿ. ಒಂದು ಜಾಲರಿ ಕಿಟಕಿ, ನಾಲ್ಕು ಕಬ್ಬಿಣದ ಕಪಾಟು. ಕೊಡೆಗಳ ಕಟ್ಟು, ಒಂಟಿ ಚಪ್ಪಲಿಗಳು, ಡಬ್ಬಿಯಲ್ಲಿ ಒಂದು ಹಲ್ಲಿನ ಸೆಟ್ಟು, ಒಂದು ಊರುಗೋಲು. ಊರುಗೋಲು ಮರೆತವರು ನಡೆದುಕೊಂಡು ಹೇಗೆ ಹೋದರೋ! ಪ್ರತಿ ವಸ್ತುವಿಗೂ ದಾರದಲ್ಲಿ ಕಟ್ಟಿದ ಒಂದು ಚೀಟಿ. ಚೀಟಿಯಲ್ಲಿ ತಾರೀಖಿನ ಜೊತೆಗೆ ಇನ್ನೊಂದು ಸಾಲು: ‘ಮಳೆ ನಿಂತಿತ್ತು’, ‘ಆಸ್ಪತ್ರೆ ನಿಲ್ದಾಣದಲ್ಲಿ ಅವಸರವಾಗಿ ಇಳಿದವರದು’, ‘ಪಕ್ಕದವರ ಜೊತೆ ಜಗಳ ಆಡುತ್ತಿದ್ದವರದು’. ಮತ್ತು ಕೋಣೆಯ ನಡುವೆ, ಇಬ್ಬರು ಕೂರಬಹುದಾದ ಒಂದು ಹಳೆಯ ಬಸ್ ಸೀಟು. ಮೂರು ಕಾಲು. ನಾಲ್ಕನೆಯ ಕಾಲಿನ ಜಾಗದಲ್ಲಿ ಒಂದು ಇಟ್ಟಿಗೆ.

ನಾನು ಒಳಗೆ ಹೋದವಳೇ ಶುರು ಮಾಡಿದೆ. ಒಂಬತ್ತನೇ ನಂಬರು, ಬೆಳಗ್ಗೆ ಹತ್ತು ಗಂಟೆ, ಉದ್ದನೆಯ ಪುಸ್ತಕ, ಕಂದು ರಟ್ಟು.

“ಕೂತ್ಕೊಳ್ಳಿ ಅಮ್ಮ” ಎಂದಳು. “ಹೇಳೋದು ಆಮೇಲೆ.”

“ಕೂರೋಕೆ ಬಂದಿಲ್ಲಮ್ಮ ನಾನು.”

“ಬಸ್ಸಲ್ಲಿ ನಿಂತಿದ್ರಾ?”

“ಇಲ್ಲ, ಕೂತಿದ್ದೆ.”

“ಮತ್ತೆ ಇಲ್ಲೂ ಕೂತ್ಕೊಳ್ಳಿ. ಆವತ್ತು ಹೇಗೆ ಕೂತಿದ್ರೋ ಹಾಗೆ.”

ಹುಚ್ಚಿನ ಆಟ ಎನ್ನಿಸಿತು. ಆದರೂ ಕೂತೆ. ಆಕೆ ನನ್ನ ಕೈಗೆ ಯಾರೋ ಕಳೆದುಕೊಂಡ ಒಂದು ಡೈರಿ ಕೊಟ್ಟಳು. “ಇದು ನಿಮ್ಮ ಕಾದಂಬರಿ. ಓದಿ.” ಇನ್ನೊಂದು ಪುಸ್ತಕ ತೊಡೆಯ ಮೇಲಿಟ್ಟಳು. ನನ್ನ ಹಿಂದೆ ನಿಂತು ಸೀಟಿನ ಬೆನ್ನು ಹಿಡಿದು ಜೋರಾಗಿ ಒಮ್ಮೆ ಅಲ್ಲಾಡಿಸಿದಳು. ಇಟ್ಟಿಗೆಯ ಮೇಲೆ ಸೀಟು ದಡಕ್ಕೆಂದಿತು. ನನ್ನ ಎಡಗೈ ತಾನಾಗಿಯೇ ಮೇಲೆದ್ದು ಮುಂದಿನ ಗಾಳಿಯನ್ನು ಹಿಡಿಯಿತು.

“ಕೈ ಎಲ್ಲಿಗೆ ಹೋಯ್ತು ಅಮ್ಮ?”

“ಕಂಬಿ ಹಿಡಿಯೋಕೆ.”

“ಮುಂದೆ ಕಂಬಿ ಇತ್ತಾ?”

“ಇತ್ತು.”

“ಕಾಲು ಯಾಕೆ ಬಲಗಡೆ ತಿರುಗಿಸ್ಕೊಂಡಿದ್ದೀರಿ?”

ನೋಡಿಕೊಂಡೆ. ನಿಜ. ಎರಡೂ ಮೊಣಕಾಲು ಬಲಕ್ಕೆ ತಿರುಗಿದ್ದವು. “ಎಡಗಾಲಿಗೆ ಬಿಸಿ ಹೊಡೀತಿತ್ತು” ಎಂದೆ. ಆ ಮಾತು ನನ್ನ ಬಾಯಿಂದ ಬಂದ ಮೇಲೆಯೇ ನನಗೆ ಅದು ಗೊತ್ತಾದದ್ದು.

ಸಿಕ್ತಕ್ಕ ನಕ್ಕಳು. “ಒಂಬತ್ತನೇ ನಂಬರಿಗೆ ಇಂಜಿನ್ನು ಹಿಂದುಗಡೆ ಅಮ್ಮ. ಸೀಟಿನ ಮುಂದೆ ಕಂಬೀನೂ ಇಲ್ಲ. ನೀವು ಕೂತಿದ್ದು ಒಂಬತ್ತರಲ್ಲಿ ಅಲ್ಲ.”

ಪರದೆ ಸರಿದಂತಾಯಿತು. ಹೌದು, ಒಂಬತ್ತು ಆಸ್ಪತ್ರೆಯ ತಿರುವಿನಲ್ಲಿ ಕೆಟ್ಟು ನಿಂತಿತ್ತು. ನಮ್ಮನ್ನೆಲ್ಲ ಇಳಿಸಿ ಬೇರೆ ಒಂದು ಹಳೆಯ ಬಸ್ಸಿಗೆ ಹತ್ತಿಸಿದ್ದರು. ನಾನು ಕಾದಂಬರಿಯಿಂದ ಕಣ್ಣು ಎತ್ತದೆ ಇಳಿದು, ಕಣ್ಣು ಎತ್ತದೆ ಹತ್ತಿದ್ದೆ. ತಲೆ ಓದುತ್ತಿತ್ತು. ಕಾಲು ಮಾತ್ರ ಎಚ್ಚರವಾಗಿತ್ತು.

“ಹಳೇ ಬಸ್ಸು, ಎಡಗಡೆ ಬಿಸಿ ಅಂದ್ರೆ ಮೂರನೇ ಸಾಲು” ಎಂದು ಆಕೆ ಎದ್ದಳು. “ಆ ಸಾಲಲ್ಲಿ ಸೀಟಿಗೂ ತಗಡಿಗೂ ಮಧ್ಯೆ ಒಂದು ಸಂದು ಇದೆ. ಪುಸ್ತಕ ನುಂಗೋ ಸಂದು.” ಗೋಡೆಯ ಮೊಳೆಯಿಂದ ಒಂದು ಕೊಕ್ಕೆ ತೆಗೆದುಕೊಂಡಳು. ಮುರಿದ ಕೊಡೆಯ ಕಡ್ಡಿಯನ್ನು ಬಾಗಿಸಿ ಅವಳೇ ಮಾಡಿಕೊಂಡದ್ದು. ಸಂಜೆ ನಾಲ್ಕಕ್ಕೆ ಆ ಬದಲಿ ಬಸ್ಸು ಡಿಪೋಗೆ ಬಂತು. ನಾಲ್ಕೂ ಐದಕ್ಕೆ ನನ್ನ ತಮ್ಮನ ಮೂವತ್ತು ವರ್ಷ ಆ ಕೊಕ್ಕೆಯ ತುದಿಯಲ್ಲಿ ನೇತಾಡುತ್ತಾ ಮೇಲೆ ಬಂತು. ಜೊತೆಗೆ ಯಾರದೋ ಒಂದು ಬಾಚಣಿಗೆ.

“ಸಿಕ್ತು” ಎಂದಳು, ಅಷ್ಟೆ.

ಮಾನ್ಯರೇ, ಈಗ ನಿಮ್ಮ ನಮೂನೆಯನ್ನು ತೆಗೆಯಿರಿ. ಎರಡನೆಯ ಖಾನೆ: ‘ಪ್ರಯಾಣಿಸಿದ ಬಸ್ಸಿನ ಸಂಖ್ಯೆ (ಕಡ್ಡಾಯ)’. ನಾನು ಒಂಬತ್ತು ಎಂದು ತುಂಬುತ್ತಿದ್ದೆ, ಆಣೆ ಇಟ್ಟು ತುಂಬುತ್ತಿದ್ದೆ. ನಿಮ್ಮ ವ್ಯವಸ್ಥೆ ಒಂಬತ್ತನೇ ನಂಬರಿನ ಬಸ್ಸುಗಳನ್ನು ಪ್ರಳಯದವರೆಗೆ ಹುಡುಕುತ್ತಿತ್ತು. ‘ದೊರೆತಿಲ್ಲ’ ಎಂಬ ಅಂದದ ಉತ್ತರ ಕೊಡುತ್ತಿತ್ತು. ಕಳೆದುಕೊಂಡವರಿಗೆ ಎಲ್ಲಿ ಕಳೆಯಿತು ಎಂದು ಗೊತ್ತಿದ್ದರೆ ಅದು ಕಳೆದದ್ದು ಹೇಗಾಗುತ್ತದೆ ಎಂಬ ಸಣ್ಣ ಪ್ರಶ್ನೆ, ಆ ಹನ್ನೊಂದು ಖಾನೆ ಎಳೆದವರ ತಲೆಗೆ ಹೊಳೆಯಲಿಲ್ಲ. ಅದು ಹೊಳೆದದ್ದು ಮೆಟ್ಟಿಲಿನ ಅಡಿಯಲ್ಲಿ ಕೂತ ಒಬ್ಬ ಹೆಂಗಸಿಗೆ, ಇಪ್ಪತ್ತು ವರ್ಷದ ಹಿಂದೆ. ಆಗ ಅವಳು ಮಾಡಿದ್ದು ಇಷ್ಟೇ. ಮುರಿದ ಬಸ್ಸಿನಿಂದ ಕಿತ್ತು ಎಸೆದಿದ್ದ ಸೀಟೊಂದನ್ನು ವರ್ಕ್‌ಶಾಪಿನ ಮೇಸ್ತ್ರಿಯ ಕೈಹಿಡಿದು ಬೇಡಿ ತಂದು ಕೋಣೆಯಲ್ಲಿ ಇಟ್ಟುಕೊಂಡಳು.

ಆಮೇಲೆ ನಾನು ಓದಿಕೊಂಡೆ. ಓದುವುದು ನನಗೆ ಚಟ. ಹಿಂದಿನ ಕಾಲದ ವಾಗ್ಮಿಗಳು ಉದ್ದನೆಯ ಭಾಷಣಗಳನ್ನು ನೆನಪಿಡಲು ಮನಸ್ಸಿನಲ್ಲೇ ಒಂದು ಮನೆಯೊಳಗೆ ನಡೆದಾಡಿ, ಒಂದೊಂದು ಕೋಣೆಯಲ್ಲಿ ಒಂದೊಂದು ಮಾತನ್ನು ಇಟ್ಟು ಬರುತ್ತಿದ್ದರಂತೆ. ಮುಳುಗುಗಾರರಿಗೆ ನೀರಿನ ಅಡಿಯಲ್ಲಿ ಪದಗಳ ಪಟ್ಟಿ ಕಲಿಸಿದರೆ, ದಡಕ್ಕೆ ಬಂದಾಗ ಮರೆತದ್ದು ಮತ್ತೆ ನೀರಿಗೆ ಇಳಿದಾಗ ನೆನಪಾಯಿತೆಂದು ವಿಜ್ಞಾನಿಗಳು ಪ್ರಯೋಗ ಮಾಡಿ ಬರೆದಿದ್ದಾರೆ. ನೆನಪು ತಲೆಯೊಳಗಿನ ಡಬ್ಬಿಯಲ್ಲ. ಅದು ಜಾಗದಲ್ಲಿದೆ, ಮೈಯಲ್ಲಿದೆ, ಎಡಗಾಲಿಗೆ ತಾಗಿದ ಬಿಸಿಯಲ್ಲಿದೆ. ಸಿಕ್ತಕ್ಕ ಈ ಯಾವುದನ್ನೂ ಓದಿಲ್ಲ. “ಜನ ಸುಳ್ಳು ಹೇಳಲ್ಲ ಅಮ್ಮ, ಗಾಬರೀಲಿ ಇರ್ತಾರೆ ಅಷ್ಟೆ” ಎಂದು ಒಮ್ಮೆ ಹೇಳಿದಳು. “ಬಾಯಿ ಗಾಬರಿ ಬೀಳುತ್ತೆ, ಮೊಣಕಾಲು ಬೀಳಲ್ಲ.” ನಿಮ್ಮ ಮೂರು ದಿನದ ತರಬೇತಿಯಲ್ಲಿ ಇಂಥ ಒಂದೇ ಒಂದು ವಾಕ್ಯವನ್ನು ಯಾರಾದರೂ ಆಡಿದ್ದರೆ ನನಗೆ ಬರೆದು ಕಳಿಸಿ, ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕುತ್ತೇನೆ.

ಆ ತರಬೇತಿಯ ವಿಷಯಕ್ಕೆ ಬರೋಣ. ಮಹಡಿಯ ಸಭಾಂಗಣದಲ್ಲಿ ನಡೆಯಿತಂತೆ. ಹೊರಗಿನಿಂದ ಒಬ್ಬ ತಜ್ಞರನ್ನು ಕರೆಸಿದ್ದಿರಂತೆ. ಐವತ್ತು ದಾಟಿದ ಡ್ರೈವರುಗಳಿಗೆ ಬಣ್ಣದ ಕಾಗದದ ಟೋಪಿ ಮಾಡಿಸಿ ತಲೆಗೆ ಹಾಕಿಸಿದರಂತೆ. ಇದನ್ನು ನನಗೆ ಹೇಳಿದ ಡ್ರೈವರ್, “ಹಳದಿ ಟೋಪಿ ಹಾಕಿದ್ರೆ ಒಳ್ಳೇ ಯೋಚನೆ ಬರುತ್ತಂತೆ ಅಮ್ಮ. ನನಗೆ ಬೆವರು ಬಂತು” ಎಂದ. ಮೂರನೆಯ ದಿನ ಪರೀಕ್ಷೆ.

ಮೊದಲು ಸ್ಮರಣೆ. ಒಂದು ತಟ್ಟೆಯಲ್ಲಿ ಇಪ್ಪತ್ತು ವಸ್ತುಗಳನ್ನಿಟ್ಟು ಒಂದು ನಿಮಿಷ ತೋರಿಸಿ, ಬಟ್ಟೆ ಮುಚ್ಚಿ, ಏನೇನಿತ್ತು ಹೇಳಿ ಎಂದರು. ಸಿಕ್ತಕ್ಕ ಹನ್ನೊಂದು ಹೇಳಿ ನಿಂತಳು. ತಜ್ಞರು “ಇಪ್ಪತ್ತೇಳು ವರ್ಷ ವಸ್ತುಗಳ ಜೊತೆ ಕೆಲಸ ಮಾಡಿದ್ದೀರಿ, ಇಷ್ಟೇನಾ?” ಎಂದರಂತೆ. ಅದಕ್ಕೆ ಇವಳು, “ಅವು ಯಾರದ್ದು ಸಾರ್?” ಎಂದು ಕೇಳಿದಳು.

“ಯಾರದ್ದೂ ಅಲ್ಲ. ಪರೀಕ್ಷೆಗೆ ತಂದಿದ್ದು.”

“ಅದಕ್ಕೇ ನೆನಪು ನಿಲ್ಲಲ್ಲ ಸಾರ್. ಯಾರೂ ಅದಕ್ಕೋಸ್ಕರ ಅಳ್ತಾ ಬರಲ್ವಲ್ಲ.”

ಸಭಾಂಗಣ ನಕ್ಕಿತಂತೆ. ತಜ್ಞರೂ ನಕ್ಕು ಹನ್ನೊಂದು ಅಂಕ ಬರೆದುಕೊಂಡರಂತೆ. ಅದೇ ಸಂಜೆ ಅವರು ಸಭಾಂಗಣದಲ್ಲಿ ಮರೆತು ಹೋದ ಕನ್ನಡಕದ ಡಬ್ಬಿ ಯಾರ ಕಪಾಟು ಸೇರಿತು, ಮಾರನೆಯ ದಿನ ಅವರು ಯಾರ ಮುಂದೆ ಬಂದು ನಿಂತರು ಎಂಬುದನ್ನು ನಾನು ಬರೆಯುವುದಿಲ್ಲ. ಆಕೆ ಅವರನ್ನು ಬರಿಯ ನೆಲದ ಮೇಲೆ ನಿಲ್ಲಿಸಿಯೇ ಡಬ್ಬಿ ಕೊಡಬೇಕಾಯಿತು, ಕೂರಿಸಲು ಸೀಟು ಇರಲಿಲ್ಲ, ಎಂದಷ್ಟೇ ದಾಖಲಿಸುತ್ತೇನೆ.

ಎರಡನೆಯದು ಸೃಜನಶೀಲತೆ. ‘ಒಂದು ಇಟ್ಟಿಗೆಯ ಬೇರೆ ಬೇರೆ ಉಪಯೋಗಗಳನ್ನು ಬರೆಯಿರಿ.’ ನಿಮ್ಮ ಕಚೇರಿಯ ಸಹಾಯಕರೊಬ್ಬರು ಮೂವತ್ತೊಂದು ಬರೆದು ಮೊದಲ ಸ್ಥಾನ ಪಡೆದರು. ಸಿಕ್ತಕ್ಕ ಬರೆದದ್ದು ಒಂದು: ‘ಸೀಟಿನ ನಾಲ್ಕನೇ ಕಾಲು’. ಕಲ್ಪನಾಶಕ್ತಿ ಇಲ್ಲ ಎಂದು ಷರಾ ಬರೆದು ಎರಡು ಅಂಕ. ನನಗೆ ತಿಳಿಯದೆ ಕೇಳುತ್ತೇನೆ, ಮಾನ್ಯರೇ: ಮೂವತ್ತೊಂದು ಉಪಯೋಗ ಬರೆದವರು ಅವುಗಳಲ್ಲಿ ಒಂದಕ್ಕಾದರೂ ಒಂದು ಇಟ್ಟಿಗೆಯನ್ನು ಬಗ್ಗಿ ಎತ್ತಿದ್ದಾರೆಯೇ? ಹಾಂ, ಸೀಟು ಹೋದ ಮೇಲೆ ಆ ಇಟ್ಟಿಗೆ ಅನಾಥವಾಗಿ ಕೋಣೆಯಲ್ಲೇ ಉಳಿದಿತ್ತು. ನೀವು ಹಾಕಿಸಿದ ಫ್ಯಾನಿನ ಗಾಳಿಗೆ ನಿಮ್ಮ ನಮೂನೆಗಳು ಹಾರಾಡುತ್ತವೆಂದು ಆಕೆ ಈಗ ಅದನ್ನು ಅವುಗಳ ಮೇಲೆ ಇಟ್ಟಿದ್ದಾಳೆ. ಎರಡನೆಯ ಉಪಯೋಗ ಸಿಕ್ಕಂತಾಯಿತು. ದಯವಿಟ್ಟು ಅಂಕ ಪರಿಷ್ಕರಿಸಿ.

ಮೂರನೆಯದು ನಾವೀನ್ಯ. ‘ಸಂಸ್ಥೆಯ ಸೇವೆಯನ್ನು ಉತ್ತಮಪಡಿಸುವ ಒಂದು ಹೊಸ ಆಲೋಚನೆಯನ್ನು ನೂರು ಪದಗಳಲ್ಲಿ ಬರೆಯಿರಿ.’ ಆಕೆ ಬರೆದದ್ದು: ‘ಬರೆದು ಪೆಟ್ಟಿಗೆಗೆ ಹಾಕಿದ್ದೇನೆ. ಇಪ್ಪತ್ಮೂರು ಚೀಟಿ. ದಯಮಾಡಿ ನೋಡುವುದು.’ ಉತ್ತರ ಪತ್ರಿಕೆಯಲ್ಲಿ ಉತ್ತರವಿಲ್ಲ ಎಂದು ಸೊನ್ನೆ. ಹಾಜರಾತಿಗೆ ಆರು. ಒಟ್ಟು ಹತ್ತೊಂಬತ್ತು.

ಆ ಪೆಟ್ಟಿಗೆ ನಿಮಗೆ ನೆನಪಿದೆಯೇ? ನಿಮ್ಮ ಕಚೇರಿಯ ಬಾಗಿಲ ಪಕ್ಕದಲ್ಲೇ, ಎದೆಯ ಎತ್ತರಕ್ಕೆ, ಹಸಿರು ಬಣ್ಣದ್ದು. ಮೇಲೆ ಬಿಳಿ ಅಕ್ಷರದಲ್ಲಿ ‘ನಿಮ್ಮ ಹೊಸ ಆಲೋಚನೆ ಇಲ್ಲಿ ಹಾಕಿ’ ಎಂದಿದೆ. ನೀವು ಅದರ ಮೇಲೆ ಹೆಲ್ಮೆಟ್ ಇಡುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಸಿಕ್ತಕ್ಕ ಹಾಕಿದ ಚೀಟಿಗಳಲ್ಲಿ ಮೊದಲನೆಯದು ಆ ಮೂರನೆಯ ಸಾಲಿನ ಸಂದಿನ ಬಗ್ಗೆ. ಒಂದು ತಗಡಿನ ಪಟ್ಟಿ, ನಾಲ್ಕು ತಿರುಪು ಹಾಕಿದರೆ ಮುಚ್ಚಿಹೋಗುತ್ತದೆ ಎಂದು ಚಿತ್ರ ಬರೆದು ಕೊಟ್ಟಿದ್ದಳಂತೆ. ವರ್ಕ್‌ಶಾಪಿನ ಮೇಸ್ತ್ರಿಯನ್ನು ಕೇಳಿದೆ. “ಅರ್ಧ ಗಂಟೆ ಕೆಲಸ ಅಮ್ಮ. ಆದ್ರೆ ಮೇಲಿಂದ ಕಾಗದ ಬರ್ದೆ ನಾನು ತಿರುಪು ಮುಟ್ಟೋ ಹಾಗಿಲ್ಲ” ಎಂದ. ಕಾಗದ ಬರಲಿಲ್ಲ. ಆ ಸಂದು ಅಂದಿನಿಂದ ನುಂಗುತ್ತಲೇ ಇದೆ. ಪರೀಕ್ಷೆಯ ಪ್ರವೇಶ ಚೀಟಿಗಳನ್ನು, ಔಷಧಿಯ ಚೀಟಿಗಳನ್ನು, ಒಬ್ಬ ಕಿವಿ ಕೇಳದ ಅಜ್ಜನ ಶ್ರವಣಯಂತ್ರವನ್ನು, ನನ್ನ ತಮ್ಮನ ಪುಸ್ತಕವನ್ನು. ಬೇರೆಯವರ ತಪ್ಪನ್ನು ಒಂದು ಕೊಕ್ಕೆ ಹಿಡಿದುಕೊಂಡು ವರ್ಷಗಟ್ಟಲೆ ತಿದ್ದಿದವಳಿಗೆ ನೀವು ಕೊಟ್ಟದ್ದು ಸೊನ್ನೆ.

ತರಬೇತಿಯೇ ಬೇಡ ಎನ್ನುವವಳಲ್ಲ ನಾನು. ಯೋಚಿಸುವುದನ್ನು ಕಲಿಸಬಹುದು, ನೆನಪಿಡುವುದನ್ನೂ ಕಲಿಸಬಹುದು. ನಾನೇ ಅರವತ್ತೇಳನೆಯ ವಯಸ್ಸಿನಲ್ಲಿ ಕಲಿತೆ. ಪುಸ್ತಕ ಸಿಕ್ಕ ಮೇಲೆ ಆರು ತಿಂಗಳು, ವಾರಕ್ಕೆರಡು ದಿನ, ಆ ಕೋಣೆಯ ಮೂಲೆಯಲ್ಲಿ ಕೂತು ಚೀಟಿ ಬರೆದುಕೊಟ್ಟಿದ್ದೇನೆ. ಬಂದವರಿಗೆ ಏನು ಕೇಳಬಾರದು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಆಕೆ ನನಗೆ ತೋರಿಸಿಕೊಟ್ಟಳು. “ನೀವು ಉತ್ತರ ಹೇಳಿಕೊಡ್ತಿದ್ದೀರಿ ಅಮ್ಮ. ಸುಮ್ನಿರಿ, ಅವರೇ ಹುಡುಕ್ಕೊಳ್ಳಲಿ” ಎಂದು ಎಷ್ಟು ಸಲ ಬೈಸಿಕೊಂಡೆನೋ. ಮೂವತ್ತಾರು ವರ್ಷ ಬೇರೆಯವರ ತಪ್ಪು ತೋರಿಸಿ ಬದುಕಿದವಳು ನಾನು. ಬಾಯಿ ಮುಚ್ಚಿಕೊಂಡು ಕಾಯುವುದು ನನಗೆ ನೀರು ಕುಡಿದಷ್ಟು ಸುಲಭವಾಗಿರಲಿಲ್ಲ. ಆದರೂ ಬಂತು. ಆಕೆ ನನಗೆ ಯಾವ ಟೋಪಿಯನ್ನೂ ಹಾಕಲಿಲ್ಲ. ಕೈಯಲ್ಲಿ ಒಂದು ಕೆಲಸ ಕೊಟ್ಟಳು, ತಪ್ಪು ಮಾಡಲು ಬಿಟ್ಟಳು, ಪಕ್ಕದಲ್ಲೇ ಇದ್ದಳು. ನಿಮ್ಮ ಸಂಸ್ಥೆಯ ಅತ್ಯುತ್ತಮ ತರಬೇತಿ ಕೇಂದ್ರ ನಿಮ್ಮ ಮೆಟ್ಟಿಲಿನ ಅಡಿಯಲ್ಲೇ ನಡೆಯುತ್ತಿತ್ತು. ನೀವು ಅದರ ಒಂದೇ ಒಂದು ಬೆಂಚನ್ನು ಕಿತ್ತುಕೊಂಡು ಹೋದಿರಿ.

ಕಿತ್ತ ಕಾರಣವೂ ಸೊಗಸಾಗಿದೆ. ಆದೇಶದ ಪ್ರತಿ ಬಾಗಿಲಿಗೆ ಅಂಟಿಸಿದ್ದೀರಲ್ಲ: ‘ಅನಧಿಕೃತ ಪೀಠೋಪಕರಣ. ನಾವೀನ್ಯ ಸಪ್ತಾಹದ ಪ್ರಯುಕ್ತ ತೆರವುಗೊಳಿಸಲಾಗಿದೆ.’ ಸೀಟು ಇದ್ದ ಜಾಗದಲ್ಲಿ ಈಗ ಒಂದು ಭಿತ್ತಿಚಿತ್ರ, ಅದರಲ್ಲಿ ಉರಿಯುವ ಬಲ್ಬು, ಕೆಳಗೆ ‘ಹೊಸದಾಗಿ ಯೋಚಿಸಿ!’ ಹೋದ ವಾರ ಒಬ್ಬಾಕೆ ತನ್ನ ತಾಯಿಯ ಕನ್ನಡಕ ಕಳೆದುಕೊಂಡು ಬಂದಿದ್ದಳು. ಸಿಕ್ತಕ್ಕ ಅಭ್ಯಾಸಬಲದಿಂದ “ಕೂತ್ಕೊಳ್ಳಮ್ಮ” ಎಂದು ಕೈ ತೋರಿಸಿದಳು. ಕೈ ತೋರಿಸಿದ ಕಡೆ ಬಲ್ಬಿನ ಚಿತ್ರ ಇತ್ತು. ಆ ಹೆಂಗಸು ಚಿತ್ರ ನೋಡಿದಳು, ಸಿಕ್ತಕ್ಕನನ್ನು ನೋಡಿದಳು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಸಿಕ್ತಕ್ಕ ಕಳೆದುಕೊಂಡು ಬಂದವರ ಕೈಗೆ ನಮೂನೆ ಕೊಟ್ಟು ಕಳಿಸಿದಳು. ಆ ಕನ್ನಡಕ ಇನ್ನೂ ಸಿಕ್ಕಿಲ್ಲ.

ಆ ದಿನ ನಾನು ನೆಟ್ಟಗೆ ಗುಜರಿ ಅಂಗಡಿಗೆ ಹೋದೆ.

“ಇದಾ ಅಮ್ಮ? ಮೂರೇ ಕಾಲು. ಕೂತ್ರೆ ಬೀಳ್ತೀರಿ” ಎಂದ ಗುಜರಿಯವನು.

“ನಾಲ್ಕನೇದು ಇದೆಯಪ್ಪ” ಎಂದೆ.

ಅವನು ನನ್ನ ಮುಖ ನೋಡಿ ತಲೆ ಕೆರೆದುಕೊಂಡು, ತಾನೇ ಗಾಡಿಗೆ ಹೇರಿಕೊಟ್ಟ. ಸೀಟು ಈಗ ನನ್ನ ತಮ್ಮನ ಅಂಗಡಿಯಲ್ಲಿದೆ. ಹರಿದುಹೋಗಿದ್ದ ರೆಕ್ಸಿನ್ ತೆಗೆದು ಅವನು ಹೊಸ ಹೊದಿಕೆ ಹೊಲಿದಿದ್ದಾನೆ. ಅಂಚಿಗೆ ಎರಡು ಸಾಲು ಹೊಲಿಗೆ. “ಇವ್ರೂ ರೆಡಿಮೇಡ್ ಒಗ್ಗದೋರೇ ಅಕ್ಕಾ” ಎಂದು ಅಳತೆ ಪುಸ್ತಕದಲ್ಲಿ ಒಂದು ಹೊಸ ಪುಟ ತೆಗೆದು ಸೀಟಿನ ಅಳತೆ ಬರೆದ. ಪಕ್ಕದಲ್ಲಿ ಮೂರು ಕಾಲು, ಒಂದು ಇಟ್ಟಿಗೆಯ ಚಿತ್ರ.

ಬರುವ ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ನಾನು, ನನ್ನ ತಮ್ಮ, ಆ ಬೆವರಿದ ಡ್ರೈವರ್ ಮತ್ತು ನಮ್ಮ ಜೊತೆ ಬರುವ ಮನಸ್ಸಿದ್ದವರೆಲ್ಲ ಸೇರಿ ಈ ಸೀಟನ್ನು ಹೊತ್ತು ತಂದು ಅದರ ಜಾಗದಲ್ಲಿ ಇಡುತ್ತೇವೆ. ಇದು ಮನವಿಯಲ್ಲ, ತಿಳಿವಳಿಕೆ. ಮತ್ತೆ ಎತ್ತಿಸಬೇಕು ಅನ್ನಿಸಿದರೆ ಎತ್ತಿಸಿ. ಅದರ ಮೇಲೆ ಕೂತಿರುವ ನನ್ನನ್ನೂ ಸೇರಿಸಿ ಎತ್ತಿಸಬೇಕಾಗುತ್ತದೆ. ಅರವತ್ತೆಂಟು ವರ್ಷದ ಪೀಠೋಪಕರಣ, ಇದಕ್ಕೂ ಅನುಮತಿ ಇಲ್ಲ. ಸಿಕ್ತಕ್ಕನ ವರ್ಗಾವಣೆಯನ್ನು ಒಂದನೇ ತಾರೀಖಿಗೆ ಮುಂಚೆ ರದ್ದು ಮಾಡಿ. ಆಕೆಗೆ ನಿವೃತ್ತಿಗೆ ಇನ್ನು ಎರಡು ವರ್ಷ ಇದೆ. ಆ ಎರಡು ವರ್ಷದಲ್ಲಿ ಆ ಕೋಣೆಯಲ್ಲಿ ಆಕೆಯ ಪಕ್ಕ ಕೂತು ಕಲಿಯಲು ಇಬ್ಬರನ್ನು ಕಳಿಸಿ. ಮೂವತ್ತೊಂದು ಉಪಯೋಗ ಬರೆದ ಸಹಾಯಕರಿಂದಲೇ ಶುರು ಮಾಡಬಹುದು, ನನ್ನ ತಕರಾರಿಲ್ಲ. ಮತ್ತು ಆ ಪೆಟ್ಟಿಗೆಯನ್ನು ತೆರೆಯಿರಿ.

ತೆರೆಯುವುದಕ್ಕೆ ಒಂದು ಅಡಚಣೆ ಇದೆ, ನಿಮಗೆ ಗೊತ್ತಿರಲಾರದು. ಹೋದ ಗುರುವಾರ ಸಿಕ್ತಕ್ಕ ನನಗೆ ಎರಡನೆಯ ಕಪಾಟಿನ ಕೆಳಗಿನ ಸಾಲಿನಿಂದ ಒಂದು ಸಣ್ಣ ಹಿತ್ತಾಳೆ ಕೀಲಿ ತೆಗೆದು ತೋರಿಸಿದಳು. ಅದರ ಮೇಲೆ ಹದಿನಾಲ್ಕು ಎಂದು ಕೊರೆದಿದೆ. ಹಸಿರು ಪೆಟ್ಟಿಗೆಯ ಬೀಗದ ಮೇಲೂ ಹದಿನಾಲ್ಕು ಎಂದೇ ಕೊರೆದಿದೆ. ಕೀಲಿಯ ಚೀಟಿಯಲ್ಲಿ ಆರು ವರ್ಷದ ಹಿಂದಿನ ತಾರೀಖು, ‘ಮೆಟ್ಟಿಲ ಮೇಲೆ ಸಿಕ್ಕಿದ್ದು. ಕೇಳಿಕೊಂಡು ಬಂದವರು ಇಲ್ಲ.’ ಆಗಲೇ ಅದನ್ನು ಹಿಡಿದುಕೊಂಡು ಮೇಲೆ ಬಂದಿದ್ದಳಂತೆ. “ನಮ್ಮ ಕೀಲಿ ಸಾಹೇಬರ ಡ್ರಾಯರಲ್ಲಿ ಭದ್ರವಾಗಿದೆ, ಇದು ಬೇರೆ ಯಾವುದೋ” ಎಂದು ಗುಮಾಸ್ತರು ವಾಪಸು ಕಳಿಸಿದರಂತೆ.

“ನೀನೇ ತೆಗೆದು ನೋಡಬಹುದಿತ್ತಲ್ಲೇ?” ಎಂದೆ.

“ಬೇರೆಯವರ ಬೀಗ ಅಮ್ಮ ಅದು” ಎಂದಳು. “ಕಳ್ಕೊಂಡವರೇ ಬರಬೇಕು.”

ಆದ್ದರಿಂದ ನೀವೇ ಇಳಿದು ಬರಬೇಕು, ಮಾನ್ಯರೇ. ಹದಿನೆಂಟು ಮೆಟ್ಟಿಲು, ನಾನು ಎಣಿಸಿದ್ದೇನೆ. ಸೋಮವಾರ ಸೀಟು ಅದರ ಜಾಗದಲ್ಲಿರುತ್ತದೆ, ಇಟ್ಟಿಗೆಯೂ ಇರುತ್ತದೆ. ನಿಮ್ಮ ಹುದ್ದೆ, ಸೇವಾವಧಿ, ನಮೂನೆಯ ಹನ್ನೊಂದು ಖಾನೆ, ಯಾವುದನ್ನೂ ಆಕೆ ಕೇಳುವುದಿಲ್ಲ. ಕೂತುಕೊಳ್ಳಿ ಸಾರ್ ಎನ್ನುತ್ತಾಳೆ. ನಿಮ್ಮ ಹಿಂದೆ ನಿಂತು ಸೀಟನ್ನು ಒಮ್ಮೆ ಜೋರಾಗಿ ಅಲ್ಲಾಡಿಸುತ್ತಾಳೆ. ಆಮೇಲೆ ಒಂದೇ ಒಂದು ಪ್ರಶ್ನೆ ಇರುತ್ತದೆ: “ಆ ಪೆಟ್ಟಿಗೇನ ಕೊನೇ ಸಲ ತೆಗೆದಾಗ ನಿಮ್ಮ ಕೈ ಎಲ್ಲಿತ್ತು ಸಾರ್?”

ಅವಸರ ಮಾಡುವುದಿಲ್ಲ ಅವಳು. ನಿಮಗೆ ನೆನಪಾಗುವವರೆಗೂ ಕಾಯುತ್ತಾಳೆ.

ಇಂತಿ,
ಬಸ್ಸು ಬದಲಾದದ್ದು ತಿಳಿಯದೆ ಕಾದಂಬರಿ ಓದುತ್ತಾ ಕೂತಿದ್ದ, ತಲೆಗಿಂತ ಎಡಗಾಲನ್ನು ಹೆಚ್ಚು ನಂಬಲು ಕಲಿತ,
ನಿಮ್ಮ ಒಬ್ಬ ನಿತ್ಯ ಪ್ರಯಾಣಿಕಳು